ರಕ್ತದೊತ್ತಡಕ್ಕೆ ಗುರುವಾರದವರೆಗೆ ಕಾಯಲು ಹೇಳಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಗರ್ಭಿಣಿಯರ ರಕ್ತದೊತ್ತಡವು ಗುರುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ ಮಾತ್ರ ಏರತಕ್ಕದ್ದು ಎಂದು ತಾವು ದಯಮಾಡಿ ಒಂದು ಸುತ್ತೋಲೆ ಹೊರಡಿಸಬೇಕು. ಉಳಿದ ದಿನ ಏರಿದರೆ ನೋಡುವವರಿಲ್ಲ. ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಬಸುರಿಯರ ತಪಾಸಣೆ ಗುರುವಾರ ಮಾತ್ರ. ಪೀಣ್ಯದ ಗಾರ್ಮೆಂಟ್ಸ್ ಹೆಂಗಸರಿಗೆ ರಜೆ ಭಾನುವಾರ ಮಾತ್ರ. ಈ ಎರಡೂ ಕೂಡಿ ಬರುವ ಮುಹೂರ್ತ ಯಾವ ಪಂಚಾಂಗದಲ್ಲಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ನಾನು ತಮಗೆ ಹೊಸಬನಲ್ಲ. ಕೇಂದ್ರದ ಮುಂದಿನ ರಸ್ತೆಗುಂಡಿಗೆ ವರ್ಷ ತುಂಬಿದಾಗ ಕೇಕ್ ಕತ್ತರಿಸಿ, ತಮಗೂ ಒಂದು ತುಂಡು ಕಳುಹಿಸಿದವನು ನಾನೇ. ತಾವು ನಕ್ಕಿರೆಂದು ಕೇಳಿದೆ. ಸಂತೋಷ. ಮುಂದಿನದಕ್ಕೆ ನಗಬೇಡಿ.

ನಮ್ಮ ಮನೆಯ ಕೆಳಗಿನ ಬಾಡಿಗೆ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಮಹಾನಂದಕ್ಕ, ಆಕೆಯ ಗಂಡ ಹಣಮಂತಣ್ಣ ಇದ್ದಾರೆ. ಅಕ್ಕ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಕಳೆದ ವರ್ಷ ಅವಳ ಚೊಚ್ಚಲ ಬಸಿರಿಗೆ ಏಳು ತಿಂಗಳಾದಾಗ, ಒಂದು ಭಾನುವಾರ, ನಮ್ಮ ತಾರಸಿಯ ಮೇಲೆ ಕುಬಸ, ಅಂದರೆ ನಮ್ಮ ಕಡೆಯ ಸೀಮಂತ, ನಡೆಯಿತು. ಅವಳ ತಾಯಿ ಮುದುಕವ್ವ ಊರಿನಿಂದ ಹಸಿರು ಸೀರೆ, ಹಸಿರು ಬಳೆ ತಂದಿದ್ದಳು. ಮಗಳ ಅಳತೆಯ ಬಳೆಗಳೇ. ಆದರೂ ಕೈಗೆ ಏರಲಿಲ್ಲ. ಸೋಪು ಹಚ್ಚಿ ಒತ್ತಿದರು. ಎರಡು ಒಡೆದವು.

“ಏನಕ್ಕಾ, ಕೈಯೊಳಗೆ ಕುಂಬಳಕಾಯಿ ಬೆಳೆಸ್ತಿದ್ಯಾ?” ಎಂದೆ.

“ಬೆಂಗಳೂರು ನೀರು ಮೈಗೆ ಹತ್ತೇತಿ ತಮ್ಮಾ,” ಎಂದು ಅವಳೂ ನಕ್ಕಳು. ಆಮೇಲೆ ಹಣೆ ಒತ್ತಿಕೊಂಡಳು. “ಯವ್ವಾ, ತಲಿ ಸಿಡ್ಯಾಕತ್ತೇತಿ. ಕಣ್ಣ ಮುಂದ ಮಿಂಚು ಹೊಡದಂಗ ಆಗತೇತಿ.”

“ಬಸುರಾದಾಗ ಮೈ ಊದೂದ. ನನಗೂ ಊದಿತ್ತು. ಮೊದಲ ಉಣ್ಣು,” ಎಂದಳು ಮುದುಕವ್ವ.

ಬಳೆ ಒಡೆದದ್ದು ದೃಷ್ಟಿ ತಾಗಿದ್ದಕ್ಕೇ ಎಂದು ಹೆಂಗಸರು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ದೃಷ್ಟಿ ತೆಗೆಯಲು ಭಾನುವಾರವೂ ಜನ ಸಿಗುತ್ತಾರೆ ಸ್ವಾಮಿ. ಬಿಪಿ ನೋಡಲು ಸಿಗುವುದಿಲ್ಲ. ತಲೆನೋವು ಇಳಿಯದಿದ್ದಾಗ ಹಣಮಂತಣ್ಣನೂ ನಾನೂ ಅವಳನ್ನು ತಮ್ಮ ಕೇಂದ್ರಕ್ಕೇ ಕರೆತಂದೆವು. “ಬಸುರಿಯರ್ದು ಗುರುವಾರ ಕಣಮ್ಮ. ಇವತ್ತು ಡಾಕ್ಟ್ರೂ ಇಲ್ಲ, ಸಿಸ್ಟರೂ ಇಲ್ಲ. ಗುರುವಾರ ಬೇಗ ಬಂದ್ಬಿಡಿ, ರಶ್ ಇರುತ್ತೆ,” ಎಂದ ಕಾವಲಿನವನು. ಅವನ ತಪ್ಪಲ್ಲ, ತಾವು ಬರೆಸಿದ ಬೋರ್ಡನ್ನೇ ಓದಿದ. ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆ ಸಿಕ್ಕಿತು.

ಗುರುವಾರದ ರಜೆ ಕೇಳುವುದಕ್ಕಾದರೂ ಸೋಮವಾರ ಕೆಲಸಕ್ಕೆ ಹೋಗಬೇಕಲ್ಲ? ಹೋದಳು. ರಜೆಯೂ ಸಿಕ್ಕಿತು. ಬುಧವಾರ ಹೊಲಿಯುತ್ತ ಕುಳಿತಿದ್ದಾಗಲೇ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಅಕ್ಕ ಉಳಿದಳು. ಮಗು ಉಳಿಯಲಿಲ್ಲ.

ಹಣಮಂತಣ್ಣ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದ. ನಾನು ಪಕ್ಕದಲ್ಲಿದ್ದೆ. “ಏನ್ ಮಗು ಅಣ್ಣಾ?” ಎಂದು ಡ್ರೈವರ್ ಕೇಳಿದ. “ಹೆಣ್ಣು.” “ಮನೆಗೆ ಲಕ್ಷ್ಮಿ ಬಂದ್ಲು ಬಿಡಿ!” ಹಣಮಂತಣ್ಣ “ಹೂಂ” ಎಂದ. ಮಾತಿಗೆ ಮಾತು ಜೋಡಿಸಿಯೇ ಹೆಸರು ಮಾಡಿದವನು ನಾನು. ಅಂದು ಟವೆಲ್ಲಿನ ಜಾರಿದ ಅಂಚನ್ನು ಸರಿಮಾಡಿದೆನಷ್ಟೇ.

ಆಸ್ಪತ್ರೆಯ ಡಾಕ್ಟರಮ್ಮ ನಮಗೆ ಹೇಳಿದ್ದನ್ನು ತಮಗೂ ಹೇಳುತ್ತೇನೆ: “ಕಾಲು ಸ್ವಲ್ಪ ಊದೋದು ಮಾಮೂಲಿ. ಆದ್ರೆ ಮುಖ, ಕೈ ಇದ್ದಕ್ಕಿದ್ದಂಗೆ ಊದಿದ್ರೆ, ತಲೆನೋವು ಬಿಡದೆ ಇದ್ರೆ, ಕಣ್ಣು ಮಂಜಾದ್ರೆ ಅವತ್ತೇ ಬರ್ಬೇಕು. ಎಷ್ಟೋ ಜನಕ್ಕೆ ಯಾವ ಸೂಚನೆನೂ ಇರಲ್ಲ, ಅದಕ್ಕೇ ಬಿಪಿ ಆಗಾಗ ನೋಡಿಸ್ಬೇಕು. ಬೇಗ ಗೊತ್ತಾದ್ರೆ ಮಾತ್ರೆ ಕೊಟ್ಟು ಹಿಡಿತದಲ್ಲಿಡಬಹುದು.” ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಲು ಎಷ್ಟು ಹೊತ್ತು ಬೇಕು? ಬಾಗಿಲಿನಿಂದ ಒಬ್ಬಳನ್ನು ವಾಪಸು ಕಳುಹಿಸುವಷ್ಟೂ ಬೇಡವಲ್ಲ?

ಮಹಾನಂದಕ್ಕ ಈಗ ಮತ್ತೆ ಬಸುರಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಭಯ ಹೆಚ್ಚಂತೆ. ದೊಡ್ಡಾಸ್ಪತ್ರೆಯವರು ಮಾತ್ರೆ ಶುರು ಮಾಡಿ, ಮನೆಯ ಹತ್ತಿರವೇ ವಾರಕ್ಕೊಮ್ಮೆ ಬಿಪಿ ನೋಡಿಸಿಕೋ ಎಂದಿದ್ದಾರೆ. ಹತ್ತಿರವಿರುವುದು ತಾವು. “ವಾರ ವಾರ ರಜಾ ಅಂದ್ರೆ ಮನೇಲೇ ಇದ್ಬಿಡಮ್ಮ,” ಎಂದಿದ್ದಾನೆ ಸೂಪರ್‌ವೈಸರ್. ನಿನ್ನೆ ಅಕ್ಕ ಮೆಟ್ಟಿಲ ಬಳಿ ನಿಂತು, “ಸಾಹೇಬ್ರಿಗೆ ನೀನ ಬರಿ ತಮ್ಮಾ. ಚ್ಯಾಷ್ಟಿ ಮಾಡಬ್ಯಾಡ ಮತ್ತ,” ಎಂದಳು.

ಆದ್ದರಿಂದ ಚೇಷ್ಟೆ ಬಿಟ್ಟು ಕೇಳುತ್ತಿದ್ದೇನೆ. ಭಾನುವಾರ ಬೆಳಗ್ಗೆ ಕೇಂದ್ರ ತೆರೆಯಿರಿ. ಒಬ್ಬ ಸಿಸ್ಟರ್ ಇರಲಿ, ಸರಿಯಿರುವ ಒಂದು ಬಿಪಿ ಯಂತ್ರವಿರಲಿ, ಒತ್ತಡ ಏರಿದ್ದರೆ ದೊಡ್ಡಾಸ್ಪತ್ರೆಗೆ ಒಯ್ಯಲು ಒಂದು ಗಾಡಿಯಿರಲಿ. ಈ ಭಾನುವಾರವೇ ಅಕ್ಕನನ್ನು ಕರೆದುಕೊಂಡು ಬರುತ್ತೇವೆ. ಅವಳು ತೋಳು ಚಾಚಿದಾಗ ಎದುರಿಗೆ ಯಾರಾದರೂ ಇರಲಿ.

ಇಂತಿ,
ತಮಾಷೆಗೆ ಸದ್ಯ ರಜೆ ಹಾಕಿರುವ
ಶ್ರೀಕರ್