ಕೋಟಿನ ಒಳಜೇಬು ಮುಟ್ಟಬೇಡ

ಏನೋ ಪಂಡಿತ,

ನಾನು ಟೈಲರ್ ಅಂಗಡಿ ಕೆಲಸಕ್ಕೆ ಹೊರಟೆ. ನಿನ್ನ ಕೋಟು ಬಾಗಿಲ ಹಿಂದೆ ನೇತುಹಾಕಿದ್ದೇನೆ. ಅದನ್ನು ಹಾಕಿಕೊಂಡು ತಿನ್ನೋಕೆ ಕೂತೆಯೋ, ಚರ್ಮ ಸುಲಿಯುತ್ತೇನೆ.

"ಅಕ್ಕಾ, ಆ ದೊಡ್ಡ ಕಾಲೇಜಿಗೆ ಬದಲಾಗೋ ಚಾನ್ಸ್ ಎಷ್ಟಿದೆ?" ಅಂತ ವಾರದಿಂದ ತಲೆ ತಿಂದಿದ್ದೀಯ. ಅಪ್ಪ ಅರ್ಧಕ್ಕರ್ಧ ಅಂದರು, ಚಿಕ್ಕಪ್ಪ ಆಸೆ ಬಿಡು ಅಂದರು. ಇಬ್ಬರೂ ಆ ಕಾಲೇಜಿನ ಗೇಟು ಕೂಡ ಕಂಡವರಲ್ಲ. ನಾನು ನಿನ್ನ ಅಂಕಪಟ್ಟಿ ಕಂಡಿದ್ದೇನೆ. ಇವತ್ತು ಸಂದರ್ಶನದಲ್ಲಿ ಗಣಿತದ ಬಗ್ಗೆ ಎಷ್ಟು ಬೇಕಾದರೂ ಕೊಚ್ಚಿಕೋ. ರಸಾಯನಶಾಸ್ತ್ರದ ಬಗ್ಗೆ ಅವರಾಗಿ ಕೇಳುವವರೆಗೂ ಬಾಯಿ ಬಿಡಬೇಡ.

ಈಗಿನ ಕಾಲೇಜು ಯಾಕೆ ಬಿಡ್ತೀಯ ಅಂತ ಕೇಳೇ ಕೇಳುತ್ತಾರೆ. ಮೇಷ್ಟ್ರುಗಳು ಕತ್ತೆಗಳು ಅನ್ನಬೇಡ. ಲ್ಯಾಬು ಚಿಕ್ಕದು ಅನ್ನು.

ಕರವಸ್ತ್ರ ಪ್ಯಾಂಟಿನ ಜೇಬಲ್ಲಿದೆ. ಕೋಟಿನ ಒಳಜೇಬಿಗೆ ಕೈ ಹಾಕಬೇಡ. ಹಾಕೇ ಹಾಕುತ್ತೀಯ, ನಿನ್ನ ಬುದ್ಧಿ ಗೊತ್ತಿಲ್ಲವಾ? ಅಲ್ಲಿರೋದು ಹೊಸ ಕಾಲೇಜಿನ ಬ್ಯಾಡ್ಜು. ನಿನ್ನೆ ಹುಮ್ಮಸ್ಸಿನಲ್ಲಿ ಎದೆ ಮೇಲೇ ಹೊಲಿದುಬಿಟ್ಟಿದ್ದೆ. "ಸೀಟೇ ಸಿಕ್ಕಿಲ್ಲ, ಸಂದರ್ಶನದಲ್ಲಿ ನಗ್ತಾರೆ ಕಣೇ" ಅಂತ ಅಪ್ಪ ಬೈದ ಮೇಲೆ ಬಿಚ್ಚಿ ಒಳಗೆ ಹೊಲಿದೆ.

ಸೀಟು ಸಿಕ್ಕರೆ ಹೊರಗೆ ತರೋದು ನನ್ನ ಕೆಲಸ. ಸಿಗದಿದ್ದರೆ ನೀನೇ ಬಿಚ್ಚಿಕೋ, ನನ್ನ ಕೈಲಾಗಲ್ಲ. ಜೋಡಿ ಹೊಲಿಗೆ ಹಾಕಿದ್ದೇನೆ.