ಎರಡು ಮನೆಗಳ ಯಜಮಾನರಿಗೆ

ಭಾನುವಾರ, ೧೪ ಜುಲೈ

ಪ್ರೀತಿಯ ಯಜಮಾನರೇ,

ನಾವಿಬ್ಬರೂ ಕ್ಷೇಮ. ಅತ್ತೆಯ ಮಂಡಿನೋವು ಎಂದಿನಂತೆ, ಬಾಯಿಯೂ ಎಂದಿನಂತೆ ಜೋರು. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ದಿನವೂ ಆಟದೊಳಗೆ ಸಿಗುತ್ತೇವಲ್ಲ, ಪತ್ರ ಯಾಕೆ ಎಂದು ನೀವು ನಗಬಹುದು. ಸಿಗುತ್ತೇವೆ, ನಿಜ. ನೀವು ಸೇತುವೆ ಕೆಲಸಕ್ಕೆಂದು ಅಷ್ಟು ದೂರ ಹೋದಮೇಲೆ, ನಿಮ್ಮ ಆ ಫೋನಿನ ಆಟಕ್ಕೆ ನಾನೂ ಸೇರಿಕೊಂಡೆ. ಇಬ್ಬರೂ ಅಲ್ಲಿ ಮನೆ ಕಟ್ಟಿದೆವು, ಬಾವಿ ತೋಡಿದೆವು, ಕುರಿ ಸಾಕಿದೆವು. ಆದರೆ ನೀವು ನನಗೆ ಬರೆಯುವುದೇನು? ‘ಕುರಿಗೆ ಹುಲ್ಲು ಹಾಕು.’ ‘ಬೇಲಿ ಸರಿಮಾಡು.’ ಆ ಕುರಿಗಿರುವ ಅದೃಷ್ಟ ನನಗಿಲ್ಲ.

ಮೊದಮೊದಲು ನನಗೂ ಹಿಡಿಸಿತ್ತು, ಸುಳ್ಳು ಹೇಳುವುದಿಲ್ಲ. ಸಂಜೆ ಆಟದಲ್ಲಿ ನಿಮ್ಮ ಗೊಂಬೆ ನನ್ನ ಗೊಂಬೆಯ ಪಕ್ಕ ಬಂದು ನಿಂತರೆ ಜೀವಕ್ಕೆ ಹಾಯೆನಿಸುತ್ತಿತ್ತು. ಆದರೆ ಕಳೆದ ವಾರ ನಮ್ಮ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಒಬ್ಬ ಅಜ್ಜಿಯ ಹಲ್ಲುಸೆಟ್ಟಿಗೆ ಪಾಲಿಶ್ ಕೊಡುತ್ತಿದ್ದಾಗ ಅದು ಕೈಜಾರಿ ಬಿದ್ದು ಎರಡು ಹೋಳಾಯಿತು. ನನ್ನ ಹೆಬ್ಬೆರಳು ತಾನಾಗಿಯೇ ಗಾಳಿಯಲ್ಲಿ ಒತ್ತಿತು. ಆಟದಲ್ಲಿ ಮುರಿದದ್ದನ್ನು ಸರಿಮಾಡಲು ಒತ್ತುತ್ತೇವಲ್ಲ, ಹಾಗೆ! ಪಕ್ಕದ ಮೇಜಿನವಳು, “ಏನಕ್ಕಾ, ಮಂತ್ರ ಹಾಕ್ತಿದ್ದೀಯಾ?” ಎಂದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಮತ್ತೆ ಅಚ್ಚು ಹಾಕಿ, ಮೊದಲಿಂದ ಮಾಡಿಕೊಟ್ಟೆ.

ಅತ್ತೆಗೆ ಹೇಳಿದರೆ, “ಅವನು ಇಲ್ಲಿದ್ದಾಗ್ಲೂ ಅದರೊಳಗೇ ಇದ್ದ ಕಣಮ್ಮ. ನೀನು ಹೊರಗೆ ಎಳ್ಕೊಂಡು ಬರ್ತೀಯ ಅಂದ್ಕೊಂಡ್ರೆ, ನೀನೂ ಹೋಗಿ ಸೇರ್ಕೊಂಡೆ” ಎಂದರು.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಇನ್ನು ಆ ಆಟಕ್ಕೆ ನಾನು ಬರುವುದಿಲ್ಲ. ಫೋನಿನಿಂದ ತೆಗೆದೇಬಿಟ್ಟೆ. ಕೋಪದಿಂದಲ್ಲ; ಕೋಪವಿದ್ದಿದ್ದರೆ ಕುರಿಗಳನ್ನೆಲ್ಲ ಮಾರಿ ಬರುತ್ತಿದ್ದೆ. ಮಾತಾಡಬೇಕಿದ್ದರೆ ಫೋನ್ ಮಾಡಿ. ಮಾತು ಬರದಿದ್ದರೆ ಸುಮ್ಮನೆ ಕಿವಿಗೆ ಹಿಡಿದುಕೊಂಡಿರಿ, ನಾನೂ ಸುಮ್ಮನಿರುತ್ತೇನೆ. ಮುಂದಿನ ತಿಂಗಳ ರಜೆಗೆ ಬರಲೇಬೇಕು. ಬರದಿದ್ದರೆ ನಾನೇ ಗಂಟುಮೂಟೆ ಕಟ್ಟಿಕೊಂಡು ನಿಮ್ಮ ಶೆಡ್ಡಿಗೆ ಬಂದು ಕೂರುತ್ತೇನೆ, ಅತ್ತೆಯನ್ನೂ ಕರೆದುಕೊಂಡು. ಆಮೇಲೆ ನಿಮ್ಮ ಪಾಡು ನಿಮಗೆ.

ಹೊತ್ತುಹೊತ್ತಿಗೆ ಊಟ ಮಾಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಒಂದಿಷ್ಟು ಬೈಗುಳವನ್ನೂ ಸೇರಿಸಿ.

ಇಂತಿ,
ಈ ಮನೆಯಲ್ಲಿರುವ ನಿಮ್ಮವಳು

ತಾ.ಕ.: ಆಟ ತೆಗೆಯುವ ಮುನ್ನ ಕೊನೆಯ ಸಲ ಎಲ್ಲ ಕಡೆ ಸುತ್ತಿದೆ. ನಾನೆಂದೂ ಹೋಗದ ಗುಡ್ಡದ ಹಿಂದೆ ನೀವು ಕಟ್ಟಿದ ಪುಟ್ಟ ಕೋಣೆ ಕಂಡಿತು. ಒಳಗೆ ತೊಟ್ಟಿಲು, ಕಿಟಕಿಗೆ ಹಳದಿ ಪರದೆ. ದೀಪ ಉರಿಯುತ್ತಿತ್ತು. ದಿನವೂ ಎಣ್ಣೆ ಹಾಕದಿದ್ದರೆ ಆ ಆಟದಲ್ಲಿ ದೀಪ ಆರಿಹೋಗುತ್ತದೆ, ನನಗೆ ಗೊತ್ತು. ಹೋದ ವರ್ಷ ಮಗು ಕಳೆದುಕೊಂಡು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ ನೀವು ಒಂದು ಮಾತೂ ಆಡಲಿಲ್ಲ. ನಿಮಗೆ ಏನೂ ಅನಿಸಲಿಲ್ಲ ಎಂದೇ ಇಷ್ಟು ದಿನ ಸಂಕಟಪಟ್ಟೆ. ಬಾಗಿಲ ಮೇಲೆ ನಮ್ಮ ಮಗಳಿಗೊಂದು ಹೆಸರು ಬರೆದಿದ್ದೀರಿ. ಅದನ್ನು ನಾನಿನ್ನೂ ಬಾಯಿಬಿಟ್ಟು ಹೇಳಿಲ್ಲ. ನೀವು ಬಂದು ಹೇಳಿ. ಆಮೇಲೆ ನಾನೂ ಕರೆಯುತ್ತೇನೆ.