ಬೆಚ್ಚಗಿದ್ದ ಕೈಯ ವಿಚಾರಣೆ

ವೈದ್ಯಕೀಯ ಅಧೀಕ್ಷಕರೇ,

ನಾನು ಹೊಗಳಿ ಬರೆದ ಒಂದು ಪುಟವನ್ನು ನೀವು ಆರೋಪಪಟ್ಟಿ ಮಾಡಿಕೊಂಡಿದ್ದೀರಿ. ಅದರಿಂದಾಗಿ ನಿಮ್ಮ ಮೂರನೇ ಮಹಡಿಯ ನರ್ಸ್ ಒಬ್ಬರು ರೋಗಿಗಳನ್ನು ಬಿಟ್ಟು ಈಗ ನೆಲಮಾಳಿಗೆಯ ಉಗ್ರಾಣದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಾರೆ. ನಿಮ್ಮ ಕಚೇರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ನಾನು ಬರೆದದ್ದನ್ನು ನೀವು ಎಷ್ಟು ಶ್ರದ್ಧೆಯಿಂದ ಓದುತ್ತೀರಿ ಎಂದು ಗೊತ್ತಿರುವುದರಿಂದ ಈ ಮೌನ ಅರ್ಥವಾಗಲಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅಪ್ಪ ನಿಮ್ಮಲ್ಲಿ ಒಂಬತ್ತು ದಿನ ಇದ್ದರು. ಅಷ್ಟೂ ದಿನ ಅಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವರ ಬಲಗೈ ಹಿಡಿದು ಕೂತಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಅವಳನ್ನು ಬಲವಂತವಾಗಿ ಮನೆಗೆ ಅಟ್ಟಿದವಳು ನಾನು. “ಸ್ನಾನ ಮಾಡಿ, ಸ್ವಲ್ಪ ಹೊತ್ತು ಕಾಲು ಚಾಚಿ ಬಾರಮ್ಮ. ಅಪ್ಪ ಎಲ್ಲಿಗೂ ಹೋಗಲ್ಲ” ಅಂದಿದ್ದೆ. ಹನ್ನೊಂದು ಇಪ್ಪತ್ತಕ್ಕೆ ಅಪ್ಪ ಹೋದರು. ಬೇಗ ಬಾ ಎಂದಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಅವಳು ಬಸ್ಸು ಹಿಡಿದು ಬರಬೇಕಿತ್ತು.

ನಿಯಮದ ಪ್ರಕಾರ ಆ ಮಂಚ ತಕ್ಷಣ ಖಾಲಿಯಾಗಬೇಕು, ದೇಹ ಶವಾಗಾರಕ್ಕೆ ಇಳಿಯಬೇಕು. ನರ್ಸ್ ನನ್ನೆದುರೇ ತುರ್ತು ವಿಭಾಗಕ್ಕೆ ಫೋನ್ ಮಾಡಿ, “ಬೆಡ್ಡಿಗೆ ಯಾರಾದ್ರೂ ಕಾಯ್ತಾ ಇದ್ದಾರಾ?” ಎಂದು ಕೇಳಿದರು. ಯಾರೂ ಇರಲಿಲ್ಲ. “ಹಾಗಾದ್ರೆ ಅಮ್ಮ ಬರಲಿ ಅಕ್ಕಾ. ಅಲ್ಲೀವರೆಗೆ ಇವರು ಇಲ್ಲೇ ಇರ್ತಾರೆ” ಅಂದರು. ಪರದೆ ಎಳೆದು ನಳಿಕೆಗಳನ್ನು ತೆಗೆದರು, ತಲೆ ಬಾಚಿದರು, ಕನ್ನಡಕ ಹಾಕಿದರು. ಆಮೇಲೆ ಬಿಸಿನೀರಿನ ಚೀಲವೊಂದನ್ನು ಟವೆಲಿನಲ್ಲಿ ಸುತ್ತಿ ತಂದು ಅಪ್ಪನ ಬಲಗೈ ಕೆಳಗಿಟ್ಟರು.

“ಅಮ್ಮ ಬಂದ ತಕ್ಷಣ ಹಿಡಿಯೋದು ಇದನ್ನೇ ಅಲ್ವಾ?”

ಹನ್ನೆರಡಕ್ಕೆ ಅಮ್ಮ ಬಂದಳು. ಅವಳ ಚಪ್ಪಲಿ ಸದ್ದು ಕೇಳುತ್ತಲೇ ಚೀಲ ಮಾಯವಾಯಿತು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು. ಸ್ಟೂಲಿನ ಮೇಲೆ ಕೂತು ಕೈ ಹಿಡಿದಳು.

“ಇನ್ನೂ ಬೆಚ್ಚಗಿದೆ. ಈಗಷ್ಟೇ ಹೋದ್ರಾ ಸಿಸ್ಟರ್?”

“ಹೂಂ ಅಮ್ಮಾ, ಈಗಷ್ಟೇ.”



ವಾರದ ನಂತರ, ಅಪ್ಪನ ಕಾಗದಪತ್ರ ತರಲು ಬಂದಾಗ, ನಿಮ್ಮ ಕೌಂಟರಿನಲ್ಲಿ ‘ನಿಮ್ಮ ಅನುಭವ ತಿಳಿಸಿ’ ಎಂಬ ಹಾಳೆ ಕೊಟ್ಟರು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ‘ಚೆನ್ನಾಗಿತ್ತು’ ಎಂದು ಗೀಚಿ ಕೈತೊಳೆದುಕೊಳ್ಳಬಾರದು, ಏನಾಯಿತು, ಎಷ್ಟು ಹೊತ್ತಿಗೆ, ಯಾರು ಏನೆಂದರು, ಎಲ್ಲ ವಿವರ ಇರಬೇಕು ಎಂದು ಅಲ್ಲಿ ಕಲಿಸಿದ್ದರು. ಅಂದವಾದ ಇಂಗ್ಲಿಷಿನಲ್ಲಿ ಅಷ್ಟನ್ನೂ ಬರೆದೆ. ಬರೆಯುವಾಗ ನನಗೆ ನನ್ನ ಬಗ್ಗೆ ತುಸು ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು.

ನಿಮ್ಮ ಆರೋಪಗಳು ಮೂರು. ಮೊದಲನೆಯದು, ಮಂಚ ನಲವತ್ತು ನಿಮಿಷಕ್ಕೂ ಹೆಚ್ಚು ತಡವಾಗಿ ಖಾಲಿಯಾಯಿತು. ಇದರ ಬಗ್ಗೆ ನಾನೂ ನಿದ್ದೆಗೆಟ್ಟಿದ್ದೇನೆ. ಕೆಳಗೆ ಇನ್ನೊಬ್ಬರ ಅಪ್ಪ ಕಾಯುತ್ತಿದ್ದಿದ್ದರೆ? ಆದರೆ ಆ ಪ್ರಶ್ನೆಯನ್ನು ನರ್ಸ್ ನನಗಿಂತ ಮೊದಲೇ ಕೇಳಿದ್ದರು. ಅದನ್ನೂ ನಾನು ಬರೆದಿದ್ದೆ. ಆ ಒಂದು ವಾಕ್ಯ ಮಾತ್ರ ನಿಮ್ಮ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ಎರಡನೆಯದು, ‘ವೈದ್ಯರ ಆದೇಶವಿಲ್ಲದೆ ಮೃತದೇಹಕ್ಕೆ ಶಾಖ ನೀಡಿಕೆ’. ಇದರಿಂದ ನನ್ನ ತಂದೆಯ ಆರೋಗ್ಯ ಇನ್ನೆಷ್ಟು ಕೆಡಬಹುದಿತ್ತು ಎಂದು ನಿಮ್ಮ ಸಮಿತಿ ಅಂದಾಜು ಮಾಡಿದೆಯೇ?

ಮೂರನೆಯದಕ್ಕಾಗಿ ನಾನು ನಿಮ್ಮನ್ನು ಕ್ಷಮಿಸಲಾರೆ. ಮರಣದ ಸಮಯದ ಬಗ್ಗೆ ಮೃತರ ಪತ್ನಿಗೆ ಸುಳ್ಳು ಹೇಳಿ ವಂಚಿಸಲಾಗಿದೆ ಎಂದಿರಿ. ಅದನ್ನು ಖಚಿತಪಡಿಸಿಕೊಳ್ಳಲು, ನನ್ನನ್ನು ಒಂದು ಮಾತೂ ಕೇಳದೆ, ನೇರವಾಗಿ ಅಮ್ಮನಿಗೇ ಕಾಗದ ಕಳಿಸಿದಿರಿ. ‘ಸದರಿಯವರ ಬಲಗೈಯ ಉಷ್ಣತೆಯು ಕೃತಕವಾಗಿದ್ದು, ಈ ಕುರಿತು ತಮ್ಮ ಹೇಳಿಕೆಯನ್ನು ನೀಡತಕ್ಕದ್ದು.’ ಒಬ್ಬ ಹೆಂಗಸಿನ ಬಳಿ ಕೊನೆಗೆ ಉಳಿದಿದ್ದ ಅಷ್ಟು ಬಿಸುಪನ್ನೂ ಮೊಹರು ಹಾಕಿ ಕಿತ್ತುಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ನಿಂತು ಅಮ್ಮ ಅದನ್ನು ಎರಡು ಸಲ ಓದಿದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ನಿಮ್ಮಪ್ಪನ ಕೈ ಯಾವತ್ತು ಕಣೇ ಬೆಚ್ಚಗಿತ್ತು?” ಅಂದಳು. “ಬೇಸಿಗೇಲೂ ತಣ್ಣಗೆ ಕೊರೀತಿತ್ತು. ಮುಟ್ಟಿದ ತಕ್ಷಣ ಗೊತ್ತಾಯ್ತು, ಯಾರೋ ಏನೋ ಮಾಡಿದ್ದಾರೆ ಅಂತ.”

“ಮತ್ತೆ, ಈಗಷ್ಟೇ ಹೋದ್ರಾ ಅಂತ ಕೇಳಿದೆಯಲ್ಲ?”

“ಇನ್ನೇನು ಮಾಡಲಿ? ಆ ಹುಡುಗಿ ಅಷ್ಟೆಲ್ಲ ಮಾಡಿ ನನ್ನ ಮುಖಾನೇ ನೋಡ್ತಾ ನಿಂತಿತ್ತು, ಪಾಪ.”

ನೀವು ಕೇಳಿದ ಹೇಳಿಕೆ ಇದು. ಇದರ ಕೆಳಗೆ ಸಹಿ ಹಾಕಲು ಅಮ್ಮ ಸಿದ್ಧಳಿದ್ದಾಳೆ. ಅವಳನ್ನು ಯಾರೂ ವಂಚಿಸಿಲ್ಲ. ಆ ಪರದೆಯೊಳಗೆ ಇಬ್ಬರು ಹೆಂಗಸರು ಒಬ್ಬರ ಮನಸ್ಸನ್ನು ಇನ್ನೊಬ್ಬರು ಕಾಯುತ್ತಿದ್ದರು. ಏನೂ ತಿಳಿಯದೆ ನಿಂತಿದ್ದವಳು ನಾನೊಬ್ಬಳೇ, ಮತ್ತು ಬರವಣಿಗೆಗೆ ಇಳಿದವಳೂ ನಾನೇ.

ನೆಲಮಾಳಿಗೆಗೆ ಹೋಗಿ ನರ್ಸನ್ನು ಕಂಡೆ. ಚಾದರದ ಒಂದು ತುದಿ ನನ್ನ ಕೈಗೆ ಕೊಟ್ಟು ಮಡಚುತ್ತಾ ಅವರು ಹೇಳಿದರು: “ಇನ್ಮೇಲೆ ಯಾರನ್ನೂ ಹೊಗಳಿ ಬರೀಬೇಡಿ ಅಕ್ಕಾ. ಬೈದು ಬರೀರಿ. ಅದನ್ನಾದ್ರೆ ಇಲ್ಲಿ ಯಾರೂ ಓದಲ್ಲ.”

ಅವರ ಸಲಹೆಯಂತೆ ಇದನ್ನು ಬರೆದಿದ್ದೇನೆ. ಆದರೂ ನೀವು ಓದಬೇಕು. ಅವರನ್ನು ಮೂರನೇ ಮಹಡಿಗೆ ವಾಪಸು ಕಳಿಸಿ. ಮೂರೂ ಆರೋಪಗಳನ್ನು ಲಿಖಿತವಾಗಿ ಹಿಂತೆಗೆದುಕೊಂಡು, ಅದರ ಪ್ರತಿಯನ್ನು ಅಮ್ಮನಿಗೆ ಕಳಿಸಿ. ವಿಳಾಸ ನಿಮ್ಮ ಬಳಿ ಇದೆ. ನನ್ನ ಆ ಒಂದು ಪುಟವನ್ನು ನನಗೆ ಹಿಂದಿರುಗಿಸಿ. ಅದನ್ನು ನಿಮಗೆ ಬರೆದದ್ದೇ ತಪ್ಪಾಯಿತು.

ಇಂತಿ,
ಗಂಟೆ, ನಿಮಿಷ ಸಮೇತ ಹೊಗಳಿದವಳು